ಮಾಹಿತಿ ಕೇಳುತ್ತಾರೆ, ತಪಾಸಣೆಗೆ ಬರುವುದಿಲ್ಲ: ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಬಗ್ಗೆ ನಮ್ಮ ಹೆಣ್ಣುಮಕ್ಕಳೊಡನೆ ಹೇಗೆ ಮಾತನಾಡಬೇಕು?

ಪ್ರಶ್ನೆ: ಸಂಚಾಲಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಕೆಲವು ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳೊಡನೆ ಕೆಲಸ ಮಾಡುತ್ತೇನೆ. ಉಳಿತಾಯ, ಸಾಲ, ಮರುಪಾವತಿಗಳ ಲೆಕ್ಕದ ನಡುವೆ ಆರೋಗ್ಯದ ಮಾತಿಗೂ ಸ್ವಲ್ಪ ಹೊತ್ತು ಇರಲಿ ಎಂದು, ಪ್ರಾಥಮಿಕ ಆರೋಗ್ಯ ಕೇಂದ್ರದವರ ನೆರವಿನಿಂದ ಸ್ತನ ಕ್ಯಾನ್ಸರ್ ಮತ್ತು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಕುರಿತು ಮಾಹಿತಿ ಸಭೆಗಳನ್ನು ನಡೆಸಿದೆವು. ಹೆಣ್ಣುಮಕ್ಕಳು ಬಂದರು, ಚಿತ್ರಗಳನ್ನು ಗಮನವಿಟ್ಟು ನೋಡಿದರು, ಕೊನೆಗೆ ಕೇಳಿದ ಪ್ರಶ್ನೆಗಳಿಗೆ ಸರಿಯಾದ ಉತ್ತರವನ್ನೂ ಕೊಟ್ಟರು. ಕ್ಯಾನ್ಸರ್ ಎಂಬುದು ಅವರಲ್ಲಿ ಯಾರಿಗೂ ಹೊಸ ಸಂಗತಿಯಾಗಿರಲಿಲ್ಲ. ಅತ್ತೆಗೋ ಚಿಕ್ಕಮ್ಮನಿಗೋ ಪಕ್ಕದ ಮನೆಯವರಿಗೋ ಬಂದದ್ದನ್ನು ಬಹುತೇಕ ಎಲ್ಲರೂ ಕಂಡವರೇ. ಆದರೆ ಉಪಕೇಂದ್ರದಲ್ಲಿ ಉಚಿತವಾಗಿ ತಪಾಸಣೆ ಮಾಡುತ್ತಾರೆ, ಮೂವತ್ತು ದಾಟಿದವರೆಲ್ಲ ಬನ್ನಿ ಎಂದು ಕರೆದಾಗ ಬಂದವರು ಬೆರಳೆಣಿಕೆಯಷ್ಟು.

ಬಾರದವರನ್ನು ಮನೆಗೆ ಹೋಗಿ ಮಾತನಾಡಿಸಿದೆ. "ನನಗೆ ಯಾವ ನೋವೂ ಇಲ್ಲ, ಸುಮ್ಮನೆ ಯಾಕೆ ತೋರಿಸಿಕೊಳ್ಳಲಿ?" ಎಂದವರೇ ಹೆಚ್ಚು. ಗೊತ್ತಾದರೆ ಆ ಚಿಂತೆಯಲ್ಲೇ ಸಾಯುತ್ತೇವೆ, ಗೊತ್ತಾಗದೇ ಇರುವುದೇ ಲೇಸು ಎಂದು ಕೆಲವರು. ಮನೆಯವರನ್ನು ಕೇಳಬೇಕು ಎಂದು ಕೆಲವರು. ಮಗಳಿಗೆ ಗಂಡು ನೋಡುತ್ತಿರುವಾಗ ತಾಯಿ ಕ್ಯಾನ್ಸರ್ ಪರೀಕ್ಷೆಗೆ ಹೋಗಿದ್ದಳು ಎಂಬ ಸುದ್ದಿ ಹಬ್ಬಿದರೆ ಸಂಬಂಧ ತಪ್ಪೀತು ಎಂದು ಹೆದರಿದ ತಾಯಂದಿರೂ ಇದ್ದಾರೆ. ಇನ್ನು ಗರ್ಭಕೋಶ ತೆಗೆಸಿಕೊಂಡ ಹೆಂಗಸರು ನಮ್ಮ ಕಡೆ ಬಹಳ, ಅವರು "ಇಲ್ಲದ ಅಂಗಕ್ಕೆ ಏನು ಪರೀಕ್ಷೆ?" ಎಂದು ಕೇಳಿದಾಗ ನನ್ನಲ್ಲಿ ಖಚಿತ ಉತ್ತರವಿರಲಿಲ್ಲ.

ಇದು ನಮ್ಮ ಊರಿನ ಸ್ಥಿತಿ ಮಾತ್ರವೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಎಂದಾದರೊಮ್ಮೆ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇಕಡಾ 1.9, ಸ್ತನ ತಪಾಸಣೆ ಮಾಡಿಸಿಕೊಂಡವರು ಶೇಕಡಾ 0.9 ಮಾತ್ರ. ನನ್ನ ಪ್ರಶ್ನೆ ಇಷ್ಟು: ಉಪಕೇಂದ್ರದಲ್ಲಿ ನಿಜವಾಗಿ ಏನು ಮಾಡುತ್ತಾರೆ, ಅದರಿಂದ ಪ್ರಯೋಜನವಿದೆ ಎಂದು ಧೈರ್ಯವಾಗಿ ಹೇಳಬಹುದೇ? ಮಾಹಿತಿ ಇದ್ದೂ ಬಾರದವರನ್ನು ಹೆದರಿಸದೆ, ಒತ್ತಾಯಿಸದೆ ಕರೆತರುವ ದಾರಿ ಯಾವುದು?

ಉತ್ತರ: ನಿವೃತ್ತ ಸ್ತ್ರೀರೋಗ ತಜ್ಞೆ, ಧಾರವಾಡ

ನಿಮ್ಮ ಸಭೆಯಲ್ಲಿ ಎರಡೂ ಕ್ಯಾನ್ಸರ್‌ಗಳನ್ನು ಒಟ್ಟಿಗೆ ವಿವರಿಸಿರಬಹುದು ಎಂದು ಊಹಿಸುತ್ತೇನೆ, ಏಕೆಂದರೆ ಎಲ್ಲೆಡೆ ಹಾಗೆಯೇ ನಡೆಯುತ್ತದೆ. ನನ್ನ ಮೊದಲ ಸಲಹೆ, ಅವನ್ನು ಬೇರ್ಪಡಿಸಿ. ಇವು ಸ್ವಭಾವದಲ್ಲಿ ತೀರಾ ಭಿನ್ನವಾದ ಎರಡು ಕಾಯಿಲೆಗಳು. ಒಂದರ ಬಗ್ಗೆ ಹೇಳುವ ಮಾತು ಇನ್ನೊಂದಕ್ಕೆ ಹೊಂದುವುದಿಲ್ಲ, ಮತ್ತು ಎರಡನ್ನೂ ಬೆರೆಸಿ ಹೇಳಿದಾಗ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಭಯವೊಂದೇ.

ಗರ್ಭಕಂಠದ ಕ್ಯಾನ್ಸರ್‌ಗೆ ಬಹುಮಟ್ಟಿಗೆ ಒಂದೇ ಕಾರಣ, ಎಚ್‌ಪಿವಿ ಎಂಬ ವೈರಾಣು. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಲೈಂಗಿಕ ಸಂಪರ್ಕದ ಮೂಲಕ ಹರಡುವ ಈ ವೈರಾಣು ದಾಂಪತ್ಯ ನಡೆಸುವ ಬಹುಪಾಲು ಗಂಡು ಹೆಣ್ಣುಗಳಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ, ಹೆಚ್ಚಿನವರಲ್ಲಿ ಎರಡು ವರ್ಷಗಳೊಳಗೆ ತಾನಾಗಿಯೇ ಮರೆಯಾಗುತ್ತದೆ. ಈ ಮಾತನ್ನು ದಯವಿಟ್ಟು ಬಿಡಿಸಿ ಹೇಳಿ, ಏಕೆಂದರೆ ಲೈಂಗಿಕ ಸಂಪರ್ಕ ಎಂದ ಕೂಡಲೇ ಹೆಣ್ಣಿನ ನಡತೆಯ ಮೇಲೆ ಅನುಮಾನ ಹುಟ್ಟುತ್ತದೆ. ಒಬ್ಬ ಗಂಡನೊಡನೆ ಮಾತ್ರ ಬಾಳಿದವಳಿಗೂ ಈ ವೈರಾಣು ಬರಬಲ್ಲದು. ಕೆಲವರಲ್ಲಿ ಅದು ಉಳಿದುಕೊಂಡು, ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಬದಲಿಸುತ್ತ, ಹತ್ತರಿಂದ ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಅಷ್ಟು ದೀರ್ಘ ಅವಧಿಯಲ್ಲಿ ಎಂದಾದರೂ ಒಮ್ಮೆ ನೋಡಿದರೆ, ಕ್ಯಾನ್ಸರ್ ಆಗುವ ಮೊದಲೇ ಆ ಭಾಗಕ್ಕೆ ಚಿಕಿತ್ಸೆ ಕೊಟ್ಟು ಮುಗಿಸಬಹುದು. "ನೋವಿಲ್ಲ, ಯಾಕೆ ತೋರಿಸಲಿ?" ಎನ್ನುವವರಿಗೆ ಉತ್ತರ ಇದು: ನೋವಿಲ್ಲದ ಕಾಲದಲ್ಲಿ ಮಾಡಿದಾಗಲೇ ಈ ಪರೀಕ್ಷೆಯಿಂದ ಪೂರ್ಣ ಫಲ.

ಉಪಕೇಂದ್ರದಲ್ಲಿ ಮಾಡುವುದು ಬಹಳ ಸರಳವಾದ ಪರೀಕ್ಷೆ. ಸ್ಪೆಕ್ಯುಲಮ್ ಎಂಬ ಸಾಧನದ ನೆರವಿನಿಂದ ಗರ್ಭಕಂಠವನ್ನು ಕಂಡು, ಅದಕ್ಕೆ ತೆಳುವಾದ ಅಸೆಟಿಕ್ ಆಮ್ಲವನ್ನು, ಅಂದರೆ ವಿನೆಗರ್‌ನಲ್ಲಿ ಇರುವ ಆಮ್ಲವನ್ನೇ, ಹತ್ತಿಯಿಂದ ಸವರಿ ಒಂದು ನಿಮಿಷ ಕಾಯುತ್ತಾರೆ. ಬದಲಾದ ಭಾಗವಿದ್ದರೆ ಅದು ಬೆಳ್ಳಗಾಗಿ ಕಾಣುತ್ತದೆ. ಸ್ವಲ್ಪ ಮುಜುಗರ, ಸ್ವಲ್ಪ ಉರಿ ಇರಬಹುದು. ಕೊಯ್ಯುವುದು, ಚುಚ್ಚುವುದು ಯಾವುದೂ ಇಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ಆರಂಭಿಸಿದ ಅಧ್ಯಯನದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿದರು. ಗರ್ಭಕಂಠದ ಕ್ಯಾನ್ಸರ್‌ನಿಂದಾಗುವ ಸಾವು ಶೇಕಡಾ 31ರಷ್ಟು ಇಳಿಯಿತು. ನಮ್ಮ ಗಡಿಯಿಂದ ದೂರವಿಲ್ಲದ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ (ಆ ವೈರಾಣು ಇದೆಯೇ ಎಂದು ನೋಡುವ ಬೇರೆ ಪರೀಕ್ಷೆ) ಮಾಡಿದ ಗುಂಪಿನಲ್ಲಿ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಆದ್ದರಿಂದ ಪ್ರಯೋಜನವಿದೆ ಎಂದು ನೀವು ಧೈರ್ಯವಾಗಿ ಹೇಳಬಹುದು, ಅದೂ ನಮ್ಮಂಥದೇ ಹೆಣ್ಣುಮಕ್ಕಳ ನಡುವೆ ಸಿಕ್ಕ ಪುರಾವೆಯ ಬಲದಿಂದ.

ಸ್ತನ ಕ್ಯಾನ್ಸರ್‌ನ ವಿಷಯದಲ್ಲಿ ಇಷ್ಟು ಖಚಿತವಾಗಿ ಮಾತನಾಡಲಾಗದು. ಅದಕ್ಕೆ ಒಂದೇ ಕಾರಣವಿಲ್ಲ, ಲಸಿಕೆಯಿಲ್ಲ, ಕ್ಯಾನ್ಸರ್ ಆಗುವ ಮೊದಲೇ ಹಿಡಿಯುವ ಸುಲಭ ಪರೀಕ್ಷೆಯೂ ಇಲ್ಲ. ತಾಯಿಗೆ ಬಂದಿದ್ದರೆ ಮಾತ್ರ ಮಗಳಿಗೆ ಬರುತ್ತದೆ ಎಂದು ಜನ ನಂಬಿದ್ದಾರೆ. ನಿಜದಲ್ಲಿ ವಂಶವಾಹಿ ದೋಷದಿಂದ ಬರುವುದು ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಸ್ತನವನ್ನು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯನ್ನು ಮುಂಬೈನ ಅದೇ ಅಧ್ಯಯನ ಇಪ್ಪತ್ತು ವರ್ಷ ಅನುಸರಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು: ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇಕಡಾ 30ರಷ್ಟು ಕಡಿಮೆಯಾಯಿತು, ಅದಕ್ಕಿಂತ ಕಿರಿಯರಲ್ಲಿ ಕಾಯಿಲೆ ಬೇಗ ಪತ್ತೆಯಾದರೂ ಸಾವು ಇಳಿಯಲಿಲ್ಲ. ಪ್ರತಿ ತಿಂಗಳು ಇಂತಿಂಥ ಕ್ರಮದಲ್ಲಿ ಸ್ವಯಂ ಪರೀಕ್ಷೆ ಮಾಡಿಕೊಳ್ಳಲೇಬೇಕು ಎಂಬ ಹಳೆಯ ಉಪದೇಶಕ್ಕೂ ಆಧಾರ ಕಡಿಮೆ. ಚೀನಾದ ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ಪರಿಶೀಲಿಸಿದಾಗ ಅದರಿಂದ ಜೀವ ಉಳಿದದ್ದು ಕಾಣಲಿಲ್ಲ. ಹಾಗೆಂದು ಅಲಕ್ಷ್ಯ ಸಲ್ಲದು. ತನ್ನ ದೇಹ ಸಹಜವಾಗಿ ಹೇಗಿದೆ ಎಂಬ ಅರಿವು ಪ್ರತಿ ಹೆಣ್ಣಿಗೂ ಇರಬೇಕು, ಬದಲಾವಣೆ ಕಂಡರೆ ತಿಂಗಳುಗಟ್ಟಲೆ ಕಾಯದೆ ತೋರಿಸಬೇಕು. ನೋವಿಲ್ಲದ ಗಂಟು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಬೆರೆತ ಸ್ರಾವ, ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು, ಕಂಕುಳಲ್ಲಿ ಗಂಟು, ಇವನ್ನು ನಿಮ್ಮ ಸಭೆಯಲ್ಲಿ ಹೇಳಿರುತ್ತೀರಿ. ನೋವಿಲ್ಲ ಎಂಬುದೇ ಸಮಾಧಾನದ ಕಾರಣವಾಗಬಾರದು ಎಂಬುದನ್ನು ಮಾತ್ರ ಒತ್ತಿ ಹೇಳಿ.

ಗರ್ಭಕೋಶ ತೆಗೆಸಿಕೊಂಡವರ ಪ್ರಶ್ನೆ ಮುಖ್ಯವಾದದ್ದು. ಕ್ಯಾನ್ಸರ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಗರ್ಭಕಂಠವೂ ಸೇರಿ ಪೂರ್ತಿ ತೆಗೆದಿದ್ದರೆ ಗರ್ಭಕಂಠದ ತಪಾಸಣೆ ಬೇಕಿಲ್ಲ. ಕಂಠವನ್ನು ಉಳಿಸಿ ಮೇಲ್ಭಾಗ ಮಾತ್ರ ತೆಗೆದಿದ್ದರೆ, ಅಥವಾ ಕ್ಯಾನ್ಸರ್ ಪೂರ್ವ ಬದಲಾವಣೆಗಾಗಿಯೇ ತೆಗೆದಿದ್ದರೆ, ತಪಾಸಣೆ ಬೇಕು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯಲ್ಲಿ ಇದು ಬರೆದಿರುತ್ತದೆ. ಚೀಟಿ ಕಳೆದಿದ್ದರೆ ಒಮ್ಮೆ ಪರೀಕ್ಷಿಸಿದರೆ ತಿಳಿಯುತ್ತದೆ. ಸ್ತನ ಪರೀಕ್ಷೆಯಂತೂ ಅವರಿಗೂ ಬೇಕು.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು, ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂದು 2015ರ ಸುಮಾರಿಗೆ ಬೀದಿಗಿಳಿದು ಕೇಳಿದರು. ನಿಮ್ಮ ಜಿಲ್ಲೆಯ ರಾಣೆಬೆನ್ನೂರಿನಿಂದಲೂ ಅಂಥ ದೂರುಗಳು ಬಂದವು. ಬಿಳಿಸೆರಗಿಗೋ ಹೊಟ್ಟೆನೋವಿಗೋ ಹೋದವರಿಗೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂಬ ಒಂದೇ ಮಾತು ಸಾಕಾಗುತ್ತಿತ್ತು. ಭಯ ಹುಟ್ಟಿಸಿ ಮಾಡಿದ ಅರಿವು ಎಂಥವರ ಕೈಗೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದ್ದರಿಂದ, ಎಲ್ಲ ಬಿಳಿಸೆರಗೂ ಕ್ಯಾನ್ಸರ್ ಅಲ್ಲ, ಪರೀಕ್ಷೆಯಲ್ಲಿ ಬಿಳಿ ಮಚ್ಚೆ ಕಂಡವರಿಗೆಲ್ಲ ಗರ್ಭಕೋಶ ತೆಗೆಯಬೇಕಿಲ್ಲ, ಹೆಚ್ಚಿನವರಿಗೆ ಆ ಸಣ್ಣ ಭಾಗಕ್ಕೆ ಶಾಖ ಅಥವಾ ಶೀತದ ಚಿಕಿತ್ಸೆ ಸಾಕು ಎಂಬುದನ್ನು ಕರೆಯುವ ಮೊದಲೇ ಹೇಳಿ.

ಉತ್ತರ: ಸಮುದಾಯ ಆರೋಗ್ಯಾಧಿಕಾರಿ, ಕೊಪ್ಪಳ ಜಿಲ್ಲೆ

ಡಾಕ್ಟರಮ್ಮನವರು ವೈದ್ಯಕೀಯ ವಿಷಯವನ್ನು ಪೂರ್ಣವಾಗಿ ಹೇಳಿದ್ದಾರೆ. ಉಪಕೇಂದ್ರದ ಬಾಗಿಲಿನಿಂದ ಒಳಗೆ ಏನಾಗುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ.

ನಮ್ಮ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಮೂವತ್ತು ವರ್ಷ ಮೇಲ್ಪಟ್ಟವರ ಒಂದು ನಮೂನೆ ತುಂಬುತ್ತಾರೆ. ಅದರಲ್ಲಿ ಎದೆಯಲ್ಲಿ ಗಂಟು ಇದೆಯೇ, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಿದೆಯೇ, ಸಂಪರ್ಕದ ನಂತರ ರಕ್ತ ಕಾಣಿಸುತ್ತದೆಯೇ, ವಾಸನೆಯ ಸ್ರಾವ ಇದೆಯೇ ಎಂಬ ಪ್ರಶ್ನೆಗಳಿವೆ. ಈ ಪ್ರಶ್ನೆಗಳನ್ನು ಪಡಸಾಲೆಯಲ್ಲಿ, ಅತ್ತೆ, ಮೈದುನ, ಮಕ್ಕಳು ಕೂತಿರುವಾಗ ಕೇಳಿದರೆ ಬರುವ ಉತ್ತರ "ಇಲ್ಲ" ಎಂಬುದೊಂದೇ, ಮತ್ತು ಆ "ಇಲ್ಲ" ಕಾಗದದ ಮೇಲೆ ಕೂತು ಆಕೆಯನ್ನು ಆರೋಗ್ಯವಂತೆ ಎಂದು ತೋರಿಸುತ್ತದೆ. ಅದೇ ಹೆಂಗಸು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿರುವಾಗ, ಒಬ್ಬಳೇ ಇದ್ದಾಗ ಕೇಳಿದರೆ ಹೇಳುತ್ತಾಳೆ. ನಾನು ನಮ್ಮ ಆಶಾಗಳಿಗೆ ಹೇಳುವುದು, ಆ ಭಾಗವನ್ನು ಖಾಲಿ ಬಿಟ್ಟು ಬನ್ನಿ, ಬೇರೆ ದಿನ ಬೇರೆ ಜಾಗದಲ್ಲಿ ತುಂಬೋಣ ಎಂದು.

ಎರಡನೆಯದು ಏಕಾಂತ. ಎಷ್ಟೋ ಕಟ್ಟಡಗಳಲ್ಲಿ ಪರೀಕ್ಷೆಯ ಕೋಣೆಗೆ ಚಿಲಕವಿಲ್ಲ, ಕಿಟಕಿಗೆ ಪರದೆಯಿಲ್ಲ, ಹೊರಗೆ ಬೆಂಚಿನ ಮೇಲೆ ಬಿ.ಪಿ. ಮಾತ್ರೆಗಾಗಿ ಊರ ಹಿರಿಯರು ಕೂತಿರುತ್ತಾರೆ. ಅಂಥ ಜಾಗಕ್ಕೆ ಬಾರದ ಹೆಣ್ಣನ್ನು ಅರಿವಿಲ್ಲದವಳು ಎಂದು ಕರೆಯುವುದು ಅನ್ಯಾಯ. ಪರೀಕ್ಷಿಸುವವರು ಹೆಂಗಸೇ ಎಂಬ ಭರವಸೆಯನ್ನೂ ಮೊದಲೇ ಕೊಡಬೇಕು. ನಮ್ಮಲ್ಲಿ ಪುರುಷ ಆರೋಗ್ಯಾಧಿಕಾರಿ ಇರುವ ಉಪಕೇಂದ್ರಗಳ ಹೆಣ್ಣುಮಕ್ಕಳಿಗೆ ಪಕ್ಕದ ಕೇಂದ್ರದ ನರ್ಸ್ ಬರುವ ದಿನವನ್ನೇ ಗೊತ್ತುಮಾಡುತ್ತೇವೆ. ಸಂತೆಯ ದಿನ, ಬಿತ್ತನೆ ಮತ್ತು ಕಳೆ ತೆಗೆಯುವ ಕಾಲದಲ್ಲಿ ಶಿಬಿರ ಇಟ್ಟರೆ ಯಾರೂ ಬರುವುದಿಲ್ಲ. ಕೂಲಿಯ ಒಂದು ದಿನ ಹೋದರೆ ಆ ವಾರದ ಲೆಕ್ಕವೇ ತಪ್ಪುತ್ತದೆ. ಮುಟ್ಟಿನ ದಿನಗಳಲ್ಲಿ ಬರಬಾರದು, ಹಿಂದಿನ ರಾತ್ರಿ ಸಂಪರ್ಕ ಬೇಡ, ಗರ್ಭಿಣಿಯಾಗಿದ್ದರೆ ಹೆರಿಗೆಯ ನಂತರ ಬರಬೇಕು ಎಂಬ ಸಣ್ಣ ಸೂಚನೆಗಳನ್ನು ಮೊದಲೇ ಹೇಳದಿದ್ದರೆ, ಬಂದವರನ್ನು ವಾಪಸ್ ಕಳಿಸಬೇಕಾಗುತ್ತದೆ, ಹಾಗೆ ಹೋದವರು ಮತ್ತೆ ಬರುವುದು ಕಷ್ಟ.

ನಮ್ಮಲ್ಲಿ ಸ್ವಲ್ಪ ಫಲ ಕೊಟ್ಟ ಕ್ರಮವೆಂದರೆ ಇಬ್ಬಿಬ್ಬರಾಗಿ ಕರೆಯುವುದು. ಸಂಘದಲ್ಲಿ ಒಬ್ಬರಿಗೊಬ್ಬರು ಸಾಲಕ್ಕೆ ಜಾಮೀನು ನಿಲ್ಲುವವರಿರುತ್ತಾರಲ್ಲ, ಅವರು ಜೊತೆಯಾಗಿ ಬರುತ್ತಾರೆ. ಮೊದಲು ಬರಬೇಕಾದವರು ಸಂಘದ ಅಧ್ಯಕ್ಷೆ, ಅಂಗನವಾಡಿ ಕಾರ್ಯಕರ್ತೆ, ಆಶಾ ಸ್ವತಃ. ತಾವು ಮಾಡಿಸಿಕೊಳ್ಳದೆ ಬೇರೆಯವರನ್ನು ಕರೆಯುವವರ ಮಾತನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಮೂರನೆಯದು, ಮಚ್ಚೆ ಕಂಡವರ ಮುಂದಿನ ದಾರಿ. ಇದು ನಮ್ಮ ವ್ಯವಸ್ಥೆಯ ಅತ್ಯಂತ ದುರ್ಬಲ ಭಾಗ ಎಂದು ನನ್ನ ಅಭಿಪ್ರಾಯ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡರೆ, ಆ ಚೀಟಿ ದೇವರ ಗೂಡಿನಲ್ಲಿ ಉಳಿಯುತ್ತದೆ. ಯಾವ ದಿನ ಯಾವ ಕೋಣೆಗೆ ಹೋಗಬೇಕು, ಯಾರನ್ನು ಕಾಣಬೇಕು, ಬಸ್ಸು ಎಷ್ಟಕ್ಕೆ, ಅಂದೇ ವಾಪಸ್ ಬರಬಹುದೇ ಎಂಬುದನ್ನು ವಿಚಾರಿಸಿ ಹೇಳಬೇಕು, ಸಾಧ್ಯವಾದರೆ ಒಬ್ಬರು ಜೊತೆಗೆ ಹೋಗಬೇಕು. ಫಲಿತಾಂಶವನ್ನು ಆಕೆಗೆ ಮಾತ್ರ ಹೇಳಬೇಕು, ಆಕೆ ಒಪ್ಪಿದರೆ ಮಾತ್ರ ಮನೆಯವರಿಗೆ. ಒಬ್ಬರ ವಿಷಯ ಊರಿಗೆ ತಿಳಿದರೆ ಉಳಿದವರ ಬಾಗಿಲು ಮುಚ್ಚಿದಂತೆಯೇ. ಗಂಡು ನೋಡುವ ಮನೆಗಳ ಭಯವೂ ಇದರಿಂದಲೇ ಅರ್ಧ ಕಡಿಮೆಯಾಗುತ್ತದೆ.

ಉತ್ತರ: ಚಿಕಿತ್ಸೆ ಪಡೆದವರು, ಶಿವಮೊಗ್ಗ

ನಾನು ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಈಗ ಮಾತ್ರೆಯಲ್ಲಿದ್ದೇನೆ. ಈ ಚರ್ಚೆ ಓದಿದಾಗ ಒಂದು ವಿಷಯ ಬಿಟ್ಟುಹೋಗುತ್ತಿದೆ ಎನ್ನಿಸಿತು. ಮಹಿಳೆಯರಿಗೆ ಅರಿವಿಲ್ಲ, ಆದ್ದರಿಂದ ತಡವಾಗಿ ಬರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಗಂಟು ಕೈಗೆ ಸಿಕ್ಕ ಕೂಡಲೇ ಹೋದವಳು. ಮೊದಲು ನೋಡಿದ ಖಾಸಗಿ ವೈದ್ಯರು ಬಟ್ಟೆಯ ಮೇಲಿಂದಲೇ ಮುಟ್ಟಿ, ಇದು ಹಾಲಿನ ಗಂಟು, ತಾನಾಗಿ ಕರಗುತ್ತದೆ ಎಂದು ಮುಲಾಮು ಬರೆದುಕೊಟ್ಟರು. ನನ್ನ ಕೊನೆಯ ಮಗುವಿಗೆ ಹಾಲು ಬಿಡಿಸಿ ವರ್ಷಗಳೇ ಆಗಿದ್ದವು. ಅವರ ಮಾತು ಕೇಳಿ ನೆಮ್ಮದಿಯಿಂದ ಇದ್ದೆ, ಆ ನೆಮ್ಮದಿಯಲ್ಲೇ ಗಂಟು ಬೆಳೆಯಿತು. ಆದ್ದರಿಂದ ನಿಮ್ಮ ಸಂಘದವರಿಗೆ ಇದನ್ನೂ ಕಲಿಸಿ: ಗಂಟು ಏನೆಂದು ಬರೀ ಕೈಯಿಂದ ನಿರ್ಧರಿಸಲಾಗದು. ವೈದ್ಯರು ಪರೀಕ್ಷಿಸಬೇಕು, ಸ್ಕ್ಯಾನ್ ಅಥವಾ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಆಗಬೇಕು, ಅನುಮಾನವಿದ್ದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು, ಅದನ್ನೇ ಬಯಾಪ್ಸಿ ಎನ್ನುತ್ತಾರೆ. ಅಗತ್ಯವಾದ ಈ ಪರೀಕ್ಷೆಗಳು ಆಗದೆ "ಏನೂ ಇಲ್ಲ" ಎಂದರೆ ಇನ್ನೊಬ್ಬ ವೈದ್ಯರನ್ನು ಕೇಳುವ ಹಕ್ಕು ಅವರಿಗಿದೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ ಎಂಬುದೂ ಅಷ್ಟೇ ನಿಜ, ಅದನ್ನೂ ಹೇಳಿ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು ನನಗೆ ಹೇಳಿದವರು ಓದಿದವರೇ. ನನ್ನ ಓರಗಿತ್ತಿಯ ತಂಗಿ ಇದೇ ಮಾತಿಗೆ ಹೆದರಿ ನಾಟಿ ಔಷಧದ ಪಟ್ಟು ಹಾಕಿಸಿಕೊಂಡು, ಹುಣ್ಣಾದ ಮೇಲೆ ಆಸ್ಪತ್ರೆ ಸೇರಿದರು. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ ಎಂದು ನನ್ನ ಶಸ್ತ್ರಚಿಕಿತ್ಸಕರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು, ಅದರಿಂದ ನನಗೆ ಧೈರ್ಯ ಬಂದಿತು.

ಚಿಕಿತ್ಸೆಯ ಭಯದ ಬಗ್ಗೆ. ಸ್ತನವನ್ನು ಪೂರ್ತಿ ತೆಗೆಯುತ್ತಾರೆ ಎಂಬ ಭಯದಿಂದಲೇ ಎಷ್ಟೋ ಜನ ಮುಚ್ಚಿಡುತ್ತಾರೆ. ಗಂಟು ಸಣ್ಣದಿರುವಾಗ ಹೋದರೆ, ಗಂಟನ್ನೂ ಅದರ ಸುತ್ತಿನ ಭಾಗವನ್ನೂ ಮಾತ್ರ ತೆಗೆದು, ವಿಕಿರಣ ಕೊಟ್ಟು, ಸ್ತನವನ್ನು ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಇದೆ. ಬದುಕುಳಿಯುವ ಸಾಧ್ಯತೆ ಎರಡರಲ್ಲೂ ಸಮಾನ ಎಂಬುದು ಇಪ್ಪತ್ತು ವರ್ಷ ಅನುಸರಿಸಿ ನೋಡಿದ ಅಧ್ಯಯನಗಳಿಂದ 2002ರಲ್ಲೇ ಸ್ಪಷ್ಟವಾಗಿದೆ. ಬೇಗ ಬಂದರೆ ಜೀವ ಉಳಿಯುತ್ತದೆ ಎಂಬ ಮಾತಿನ ಜೊತೆಗೆ ಬೇಗ ಬಂದರೆ ಸ್ತನವೂ ಉಳಿಯಬಹುದು ಎಂದು ಹೇಳಿ ನೋಡಿ, ಕೇಳುವವರ ಮುಖ ಬದಲಾಗುತ್ತದೆ.

ಹಣದ ವಿಷಯದಲ್ಲಿ, ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾಜ್ಯದ ಎಲ್ಲ ಕಡೆಯಿಂದ ಜನ ಬರುವುದರಿಂದ ಅಲ್ಲಿ ಕಾಯಬೇಕಾಗುತ್ತದೆ, ಊಟ ವಸತಿಯ ಖರ್ಚು ಯೋಜನೆಯಲ್ಲಿ ಬರುವುದಿಲ್ಲ; ನನ್ನ ಬಳಿ ಖರ್ಚಾದದ್ದು ಹೆಚ್ಚಾಗಿ ಅದಕ್ಕೇ.

ಹಿಂದಿನ ಜನ್ಮದ ಪಾಪ ಎಂದವರು, ತಟ್ಟೆ ಲೋಟ ಬೇರೆ ಇಟ್ಟವರು ನಮ್ಮ ಬಳಗದಲ್ಲೂ ಇದ್ದರು. ಇದು ಮುಟ್ಟಿದರೆ ಅಂಟುವ ಕಾಯಿಲೆಯಲ್ಲ. ಬದುಕಿ ಬಂದವರನ್ನು ಜನ ನೋಡಬೇಕು. ನಿಮ್ಮ ಸುತ್ತಮುತ್ತ ಚಿಕಿತ್ಸೆ ಮುಗಿಸಿದವರು ಖಂಡಿತ ಇದ್ದಾರೆ, ಅವರು ಒಪ್ಪಿದರೆ ಸಭೆಗೆ ಕರೆಯಿರಿ. ಸತ್ತವರ ಕಥೆಗಳಷ್ಟೇ ಊರಲ್ಲಿ ಓಡಾಡುತ್ತಿರುವುದರಿಂದ ಕ್ಯಾನ್ಸರ್ ಎಂದರೆ ಸಾವು ಎಂದಾಗಿದೆ.

ಪ್ರಶ್ನೆ: ಒಬ್ಬ ತಂದೆ, ಬೆಂಗಳೂರು

ಇದೇ ಚರ್ಚೆಯಲ್ಲಿ ಕೇಳಬಹುದೇ ಎಂದು ಸಂಕೋಚಪಡುತ್ತಲೇ ಬರೆಯುತ್ತಿದ್ದೇನೆ. ನನಗೆ ಹತ್ತು ದಾಟಿದ ಮಗಳಿದ್ದಾಳೆ. ಮಕ್ಕಳ ವೈದ್ಯರು ಎಚ್‌ಪಿವಿ ಲಸಿಕೆ ಹಾಕಿಸಿ ಎಂದಿದ್ದಾರೆ. ಮನೆಯಲ್ಲಿ ನನ್ನ ತಾಯಿ, ಇಷ್ಟು ಚಿಕ್ಕ ಹುಡುಗಿಗೆ ಅದೆಂಥ ಲಸಿಕೆ ಎನ್ನುತ್ತಾರೆ. ನನ್ನ ಹೆಂಡತಿ, ಆಂಧ್ರದಲ್ಲಿ ಈ ಲಸಿಕೆಯಿಂದ ಹುಡುಗಿಯರು ಸತ್ತರೆಂದು ಓದಿದ ನೆನಪಿದೆ ಎನ್ನುತ್ತಾಳೆ. ನಿಜಾಂಶವೇನು?

ಉತ್ತರ: ನಿವೃತ್ತ ಸ್ತ್ರೀರೋಗ ತಜ್ಞೆ, ಧಾರವಾಡ

ನಿಮ್ಮ ಪತ್ನಿಯವರ ನೆನಪಿಗೆ ಆಧಾರವಿದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಈ ಲಸಿಕೆ ಹಾಕಲಾಯಿತು. ಲಸಿಕೆ ಪಡೆದ ಕೆಲವು ಹುಡುಗಿಯರು ಸತ್ತ ಸುದ್ದಿ ಬಂದು 2010ರಲ್ಲಿ ಯೋಜನೆಯನ್ನು ನಿಲ್ಲಿಸಿದರು. ತನಿಖೆಯಲ್ಲಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಂಡುಬರಲಿಲ್ಲ. ಆದರೆ ಪೋಷಕರ ಒಪ್ಪಿಗೆಯನ್ನು ಸರಿಯಾಗಿ ಪಡೆದಿರಲಿಲ್ಲ, ವಸತಿ ಶಾಲೆಯ ಬಡ ಬುಡಕಟ್ಟು ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಸಹಿ ಮಾಡಿದ್ದರು ಎಂಬ ಗಂಭೀರ ಲೋಪಗಳು ಹೊರಬಂದವು, ಸಂಸದೀಯ ಸಮಿತಿಯೂ 2013ರಲ್ಲಿ ಕಟುವಾಗಿ ಟೀಕಿಸಿತು. ಲಸಿಕೆ ನಿರ್ದೋಷಿಯಾದರೂ ಹಾಕಿದ ಕ್ರಮ ನಿರ್ದೋಷಿಯಾಗಿರಲಿಲ್ಲ, ಆ ಗಾಯದಿಂದ ನಮ್ಮ ದೇಶದಲ್ಲಿ ಈ ಲಸಿಕೆ ಅನೇಕ ವರ್ಷ ಹಿಂದೆ ಬಿತ್ತು. ಹಾಗಿದ್ದೂ ಸಿಕ್ಕಿಂ ರಾಜ್ಯ 2018ರಲ್ಲಿ ಶಾಲೆಗಳ ಮೂಲಕ ತನ್ನ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿತು. ಪೋಷಕರಿಗೆ ಮೊದಲೇ ವಿವರಿಸಿ ಹೇಳಿದ್ದರಿಂದ ಬಹುತೇಕ ಎಲ್ಲರೂ ಪಡೆದರು.

ಪುರಾವೆಯ ಮಾತಿಗೆ ಬಂದರೆ, ಸ್ವೀಡನ್‌ನಲ್ಲಿ ಹದಿನೇಳು ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇಕಡಾ 88ರಷ್ಟು ಕಡಿಮೆಯಾದದ್ದು 2020ರಲ್ಲಿ ವರದಿಯಾಯಿತು. ಸ್ಕಾಟ್ಲೆಂಡ್‌ನಲ್ಲಿ 2008ರಿಂದ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಪೂರ್ಣ ಲಸಿಕೆ ಪಡೆದ ಹುಡುಗಿಯರಲ್ಲಿ ಒಂದೂ ಪ್ರಕರಣ ಕಂಡುಬಂದಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ನಾನು ವೃತ್ತಿಯಲ್ಲಿದ್ದ ಕಾಲದಲ್ಲಿ, ಮೂರನೇ ಹಂತದಲ್ಲಿ ಬಂದ ನಲವತ್ತರ ಆಸುಪಾಸಿನ ತಾಯಂದಿರನ್ನು ವಿಕಿರಣ ಚಿಕಿತ್ಸೆಗೆ ಕಳಿಸಿದವಳು. ಅಂಥದ್ದೊಂದು ಫಲಿತಾಂಶವನ್ನು ಓದುವ ದಿನ ಬರುತ್ತದೆ ಎಂದು ಆಗ ನಾನು ಎಣಿಸಿರಲಿಲ್ಲ.

ನಿಮ್ಮ ತಾಯಿಯವರ ಪ್ರಶ್ನೆಗೆ ಉತ್ತರ: ವೈರಾಣು ತಗಲುವ ಮೊದಲೇ ಕೊಟ್ಟರೆ ಮಾತ್ರ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಆಗಲೇ ಬಂದ ಸೋಂಕನ್ನು ಅದು ವಾಸಿ ಮಾಡಲಾರದು. ಆದ್ದರಿಂದ 9ರಿಂದ 14 ವರ್ಷ ಅತ್ಯುತ್ತಮ ಕಾಲ. ಆ ವಯಸ್ಸಿನವರಿಗೆ ಎರಡು ಡೋಸ್ ಕೊಡುವುದು ರೂಢಿ. ಒಂದು ಡೋಸ್ ಕೂಡ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಎಂಬ ದೇಶೀಯ ಲಸಿಕೆಗೆ ಅದೇ ವರ್ಷ ಅನುಮತಿ ಸಿಕ್ಕಿತು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ ಕಾರಣವಾದ 16 ಮತ್ತು 18ನೇ ಬಗೆಯ ವೈರಾಣುಗಳೂ ಸೇರಿ ನಾಲ್ಕು ಬಗೆಗಳನ್ನು ಅದು ತಡೆಯುತ್ತದೆ. ಉಳಿದ ಬಗೆಗಳೂ ಇರುವುದರಿಂದ, ಲಸಿಕೆ ಪಡೆದ ಹುಡುಗಿಯೂ ಮೂವತ್ತರ ನಂತರ ತಪಾಸಣೆ ಮಾಡಿಸಿಕೊಳ್ಳಬೇಕು. ನಿಮ್ಮ ಮಗಳಿಗೆ ಇದನ್ನು ಕ್ಯಾನ್ಸರ್ ತಡೆಯುವ ಲಸಿಕೆ ಎಂದೇ ಹೇಳಿ, ಅದು ಪೂರ್ಣ ಸತ್ಯ.

ಪ್ರಶ್ನಿಸಿದವರು: ಸಂಚಾಲಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಕೃತಜ್ಞತೆಗಳು. ಕೊಪ್ಪಳದ ಸಹೋದರಿಯ ಮಾತು ಓದಿದ ಮೇಲೆ, ಮುಂದಿನ ಸಭೆಗಿಂತ ಮೊದಲು ನಮ್ಮ ಉಪಕೇಂದ್ರದ ಕೋಣೆಗೆ ಚಿಲಕ ಮತ್ತು ಪರದೆಯ ವ್ಯವಸ್ಥೆ ಮಾಡಿಸುವುದೇ ಮೊದಲ ಕೆಲಸ ಎಂದು ತೀರ್ಮಾನಿಸಿದ್ದೇವೆ. ಸಂಘದ ನಿಧಿಯಿಂದಲೇ ಆಗುವ ಖರ್ಚು. ಮೊದಲ ಸರದಿಯಲ್ಲಿ ನಾನೂ ಇಬ್ಬರು ಅಧ್ಯಕ್ಷೆಯರೂ ಹೋಗುತ್ತೇವೆ. ಗಂಡಸರಿಗಾಗಿ ಬೇರೆ ಸಭೆ ಮಾಡುವ ಯೋಚನೆಯಿದೆ, ಮನೆಯವರನ್ನು ಕೇಳಬೇಕು ಎನ್ನುವವರ ಮನೆಯವರಿಗೂ ವಿಷಯ ತಿಳಿದಿರಲಿ ಎಂದು.

ಇನ್ನೊಂದು ಸಂದೇಹ. ಮುಟ್ಟು ನಿಂತು ಬಹಳ ವರ್ಷಗಳಾದ ಹಿರಿಯರು ಕೆಲವರು, ಆಗಾಗ ಸ್ವಲ್ಪ ಕೆಂಪು ಕಾಣಿಸುತ್ತದೆ, ಉಷ್ಣಕ್ಕೆ ಇರಬೇಕು ಎನ್ನುತ್ತಾರೆ. ಅವರನ್ನೂ ಇದೇ ಸರದಿಯಲ್ಲಿ ಸೇರಿಸಬಹುದೇ?

ಉತ್ತರ: ನಿವೃತ್ತ ಸ್ತ್ರೀರೋಗ ತಜ್ಞೆ, ಧಾರವಾಡ

ಬೇಡ. ಅವರನ್ನು ಸರದಿಗೆ ಕಾಯಿಸಬೇಡಿ. ತಪಾಸಣೆ ಎಂಬುದು ಯಾವ ಲಕ್ಷಣವೂ ಇಲ್ಲದವರಿಗೆ. ಲಕ್ಷಣ ಇರುವವರಿಗೆ ಬೇಕಾದದ್ದು ರೋಗನಿರ್ಣಯ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಕಾಣುವ ರಕ್ತ, ಒಂದು ಹನಿಯಾದರೂ, ಉಷ್ಣದಿಂದ ಎಂದು ಬಿಡುವಂಥದ್ದಲ್ಲ. ಗರ್ಭಕಂಠದಿಂದ ಬಂದಿರಬಹುದು, ಗರ್ಭಕೋಶದ ಒಳಪದರದಿಂದಲೂ ಬಂದಿರಬಹುದು, ಎಷ್ಟೋ ಬಾರಿ ಅಪಾಯವಿಲ್ಲದ ಕಾರಣವೇ ಇರುತ್ತದೆ. ಯಾವುದೆಂದು ತಿಳಿಯಲು ಸ್ತ್ರೀರೋಗ ತಜ್ಞರು ಪರೀಕ್ಷಿಸಬೇಕು, ಸ್ಕ್ಯಾನ್ ಆಗಬೇಕು, ಅಗತ್ಯವಿದ್ದರೆ ಬಯಾಪ್ಸಿ ಮಾಡಬೇಕು. ಅಲ್ಲದೆ ಆ ವಯಸ್ಸಿನಲ್ಲಿ ಗರ್ಭಕಂಠದ ಬದಲಾಗುವ ಭಾಗ ಒಳಗೆ ಸರಿದಿರುವುದರಿಂದ ಅಸೆಟಿಕ್ ಆಮ್ಲದ ಪರೀಕ್ಷೆಯಲ್ಲಿ ಏನೂ ಕಾಣದೆ ಇರಬಹುದು, ಆಗ ಸುಳ್ಳು ಸಮಾಧಾನ ಸಿಕ್ಕಂತಾಗುತ್ತದೆ. ಅವರ ಹೆಸರುಗಳನ್ನು ಈ ವಾರವೇ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೊಟ್ಟು, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಚೀಟಿ ಬರೆಸಿ. ಒಬ್ಬೊಬ್ಬರ ಜೊತೆಗೂ ಒಬ್ಬರು ಹೋಗುವಂತೆ ನೋಡಿಕೊಳ್ಳಿ.